ತೂಬಿನ ಮನೆಯ ಗುರುತು

ನನ್ನ ಸಂಖ್ಯೆ ತಪ್ಪು ಎಂದು ಬಾಯಿಬಿಟ್ಟು ಹೇಳಿದವರು ಮೂವತ್ತೊಂದು ವರ್ಷದ ನೌಕರಿಯಲ್ಲಿ ಮೂವರೇ. ಮೊದಲನೆಯವರು ಕೂಡಿಸುವಾಗ ತಾವೇ ಎಡವಿದ್ದರು. ಎರಡನೆಯವರು ಬೇರೆ ಊರಿನ ನಕ್ಷೆ ಹಿಡಿದುಕೊಂಡು ಜಗಳಕ್ಕೆ ಬಂದಿದ್ದರು. ಮೂರನೆಯವಳು ನಮ್ಮ ಕಚೇರಿಗೆ ಹೊಸದಾಗಿ ಬಂದ ಎಂಜಿನಿಯರ್. ವಯಸ್ಸು ಇಪ್ಪತ್ತಾರು. ಸೋಮವಾರ ಬೆಳಗ್ಗೆ ಸಾಹೇಬರ ಮೇಜಿನ ಮುಂದೆ ನಿಂತು, ಕೆರೆಯ ತೂಬಿನ ಮನೆಯ ಗುರುತಿಗೆ ಪುಸ್ತಕದಲ್ಲಿ ಹನ್ನೆರಡು ಸೆಂಟಿಮೀಟರ್ ಜಾಸ್ತಿ ಎತ್ತರ ಬರೆದುಬಿಟ್ಟಿದ್ದಾರೆ ಎಂದಳು.

“ಯಾರೋ ಬರೆದಿದ್ದಲ್ಲ, ನಾನು ಬರ್ದಿದ್ದು,” ಎಂದೆ. ನಾನು ಬೀರುವಿನ ಪಕ್ಕದಲ್ಲೇ ನಿಂತಿದ್ದೆ, ಅವಳು ನೋಡಿರಲಿಲ್ಲ.

ನಾನು ಸರ್ವೇಯರ್. ನೆಲ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಅಳೆಯುವುದು ನನ್ನ ಕಸುಬು. ಕಣ್ಣಿಗೆ ರೊಟ್ಟಿಯಷ್ಟು ಚಪ್ಪಟೆಯಾಗಿ ಕಾಣುವ ಹೊಲದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂದು ನಾನು ಹೇಳಬೇಕು, ಹೇಳಿದ ಕಡೆಗೇ ನೀರು ಹರಿಯಬೇಕು. ಅಲ್ಲಿಯವರೆಗೆ ನೀರು ನನ್ನ ಮಾತು ಮೀರಿದ್ದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ, ನನಗೇನೂ ಬೇಜಾರಿಲ್ಲ. ತೂಬಿನ ಮನೆಯ ಗುರುತನ್ನು, ಅಂದರೆ ಸುತ್ತಲಿನ ಎತ್ತರ ಅಳೆಯಲು ಆಧಾರವಾದ ಗೆರೆಯನ್ನು, ಇಪ್ಪತ್ತೆರಡು ವರ್ಷದ ಹಿಂದೆ ನಾನೇ ನಿಂತು ಕಲ್ಲಿನಲ್ಲಿ ಕೆತ್ತಿಸಿದ್ದೆ. ಅದರ ಎತ್ತರ ಅಳೆದದ್ದೂ ನಾನೇ. ಆಮೇಲೆ ಯಾರಿಗೂ ಅದು ಬೇಕಾಗಿರಲಿಲ್ಲ.

ಈಗ ಬೇಕಾಗಿತ್ತು. ಕೆರೆಯಿಂದ ನೀರು ಬಿಡುವ ಆ ತೂಬಿನಿಂದ ಕೆಳಗಿನ ಹೊಲಗಳ ತೊಟ್ಟಿಗೆ ಎಂಟುನೂರು ಮೀಟರ್ ಕಾಲುವೆ ತೋಡಿದ್ದರು. ನನ್ನ ಸಂಖ್ಯೆಯ ಪ್ರಕಾರ ಆ ತುದಿಯಿಂದ ಈ ತುದಿಗೆ ನಲವತ್ತು ಸೆಂಟಿಮೀಟರ್ ಇಳಿಜಾರು. ನೀರು ತಾನಾಗಿ ಹರಿದು ಬರಲು ಅಷ್ಟು ಬೇಕೇ ಬೇಕು. ಎಂಜಿನಿಯರ್ ಹೇಳುವಂತೆ ಅದರಲ್ಲಿ ಹನ್ನೆರಡು ಇಲ್ಲವೇ ಇಲ್ಲ. ಹಾಗಿದ್ದರೆ ನೀರು ಅರ್ಧ ದಾರಿಯಲ್ಲೇ ನಿಂತು ಪಾಚಿ ಕಟ್ಟುತ್ತದೆ. ಬುಧವಾರ ಬೆಳಗ್ಗೆ ಕಾಲುವೆಯ ತಳಕ್ಕೆ ಕಾಂಕ್ರೀಟ್ ಬೀಳುವುದಿತ್ತು. ಬಿದ್ದ ಮೇಲೆ ಯಾರ ಸಂಖ್ಯೆ ಸರಿ ಎಂದು ಜಗಳವಾಡಿ ಪ್ರಯೋಜನವಿಲ್ಲ.

ಸಾಹೇಬರು ಒಳ್ಳೆಯ ಮನುಷ್ಯರು, ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. “ನೀವು ಹೇಳೋದೂ ಸರಿ, ಅವರು ಹೇಳೋದೂ ಸರಿ,” ಎಂದರು.

“ಎರಡೂ ಸರಿ ಆಗೋಕೆ ಇದೇನು ಮದುವೆ ಮಾತುಕತೆನಾ ಸರ್,” ಎಂದೆ. “ನಾಳೆ ಮತ್ತೊಂದು ಸುತ್ತು ಹೋಗಿ ಬರ್ತೀನಿ. ಇವರೂ ಜೊತೆಗೆ ಬರ್ಲಿ, ಕಣ್ಣಾರೆ ನೋಡ್ಲಿ.”

“ಹಾಗೇ ಮಾಡಿ. ನಾಳೆ ಸಂಜೆ ನೀವು ಯಾವ ಸಂಖ್ಯೆ ಬರೆದು ಕೊಡ್ತೀರೋ ಅದಕ್ಕೆ ನಾನು ಸಹಿ ಹಾಕ್ತೀನಿ. ಅದೇ ಕೊನೆ.”

ಸುತ್ತು ಎಂದರೆ ಏನೆಂದು ಹೇಳಬೇಕು. ಕಚೇರಿಯ ಗೇಟಿನ ಬಳಿ ಒಂದು ಕಲ್ಲಿದೆ, ಅದರ ಎತ್ತರ ಎಲ್ಲರಿಗೂ ಗೊತ್ತು. ಅಲ್ಲಿಂದ ಹೊರಟು ಇಟ್ಟಿಗೆ ಗೂಡು, ಕಲ್ಲು ಗಣಿ, ಕೆರೆ ಏರಿ ದಾಟಿ ತೂಬಿನ ಮನೆಗೆ ಹೋಗಬೇಕು. ಬೇರೆ ದಾರಿಯಲ್ಲಿ ಹೊಲದ ಬದು, ಮರದ ಡಿಪೋ ಹಿಡಿದು ಅದೇ ಗೇಟಿಗೆ ಮರಳಬೇಕು. ಒಟ್ಟು ಆರು ಕಿಲೋಮೀಟರ್. ನೂರು ಹೆಜ್ಜೆಗೊಮ್ಮೆ ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿ, ಅದರ ದುರ್ಬೀನಿನಲ್ಲಿ ಹಿಂದಿನ ಜಾಗದಲ್ಲಿರುವ ಅಳತೆಕೋಲನ್ನು ಓದುತ್ತೇನೆ. ಆಮೇಲೆ ಕೋಲು ಮುಂದಕ್ಕೆ ಹೋಗಿ ನಿಲ್ಲುತ್ತದೆ, ಮತ್ತೆ ಓದುತ್ತೇನೆ. ಎರಡರ ವ್ಯತ್ಯಾಸವೇ ನೆಲದ ಏರಿಳಿತ. ಹತ್ತಿದ್ದೆಲ್ಲ ಕೂಡಿಸಿ ಇಳಿದಿದ್ದೆಲ್ಲ ಕಳೆದರೆ, ಹೊರಟ ಕಲ್ಲಿಗೇ ಬಂದಾಗ ಉತ್ತರ ಸೊನ್ನೆ ಬರಬೇಕು. ಬರುವುದಿಲ್ಲ, ಸ್ವಲ್ಪ ಉಳಿಯುತ್ತದೆ. ಎರಡು ಬೆರಳು ಉಳಿದರೂ ಕಚೇರಿ ಒಪ್ಪುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಸುತ್ತಿನಲ್ಲಿ ಉಳಿದದ್ದು ಮೂರು ಮಿಲಿಮೀಟರ್. ಆಗಿನ ಸಾಹೇಬರು ಆ ಪುಟವನ್ನು ಕಚೇರಿಯವರಿಗೆಲ್ಲ ತೋರಿಸಿದ್ದರು. ನನ್ನ ನೌಕರಿ ಖಾಯಂ ಆದದ್ದು ಆ ವರ್ಷವೇ.

ಅಂದೂ ಇಂದೂ ಕೋಲು ಹಿಡಿಯುವವನು ನನ್ನ ಮೈದುನ, ಗಂಡನ ತಮ್ಮ. ಹತ್ತೊಂಬತ್ತನೆಯ ವಯಸ್ಸಿಗೆ ಓದೂ ಹತ್ತದೆ ಕಸುಬೂ ಹತ್ತದೆ ಮನೆಯಲ್ಲಿ ಕೂತಿದ್ದಾಗ ನಮ್ಮತ್ತೆ, “ಇವನನ್ನೂ ಎಲ್ಲಾದ್ರೂ ನೆಟ್ಟುಬಿಡಮ್ಮ,” ಎಂದಿದ್ದರು. ನೆಟ್ಟೆ. ಅಂದಿನಿಂದ ಕಚೇರಿಯಲ್ಲಿ ಅವನಿಗೆ ಗೂಟ ಎಂದೇ ಹೆಸರು. ಗಾಳಿ ಬರಲಿ, ನಾಯಿ ಬರಲಿ, ನಿಲ್ಲಿಸಿದ ಜಾಗ ಬಿಟ್ಟು ಕದಲುವವನಲ್ಲ. ನಾಲ್ಕು ಮೀಟರ್ ಕೋಲು ಅವನ ಕೈಯಲ್ಲಿ ಗೋಡೆಯಷ್ಟು ನೆಟ್ಟಗಿರುತ್ತದೆ. ಮಾತು ಕಡಿಮೆ. ಮನೆಯಲ್ಲೂ ಅಷ್ಟೆ. ಊಟಕ್ಕೆ ಉಪ್ಪು ಸಾಲದಿದ್ದರೆ ಕೇಳುವುದಿಲ್ಲ, ಸುಮ್ಮನೆ ಉಣ್ಣುತ್ತಾನೆ.

ಮಂಗಳವಾರ ಬೆಳಗ್ಗೆ ಏಳೂವರೆಗೆ ಗೇಟಿನ ಬಳಿ ನಾನು ಅವನಿಗೆ ಹೇಳಿದೆ: “ನೋಡು, ಹೋದ ಸಲ ಹೇಗೆ ಮಾಡಿದ್ವೋ ಇವತ್ತೂ ಹಾಗೇ. ಅವತ್ತು ಎಲ್ಲೆಲ್ಲಿ ನಿಂತಿದ್ವೋ ಅಲ್ಲೇ ನಿಲ್ಬೇಕು. ಒಂದು ಗೇಣೂ ಆಚೀಚೆ ಆಗ್ಬಾರ್ದು. ನೆನಪಿದೆಯಾ?”

“ನೆನಪಿದೆ ಅತ್ತಿಗೆ,” ಎಂದ. ಏನೋ ಹೇಳುವವನ ಹಾಗೆ ಒಂದು ಕ್ಷಣ ನಿಂತ. ನಾನು ಆಗಲೇ ಯಂತ್ರದ ಪೆಟ್ಟಿಗೆ ತೆರೆಯುತ್ತಿದ್ದೆ.

ಎಂಜಿನಿಯರ್ ಕೈಗೆ ಒಂದು ದೊಡ್ಡ ಕಪ್ಪು ಛತ್ರಿ ಕೊಟ್ಟೆ. ಬಿಸಿಲು ಚೆನ್ನಾಗಿತ್ತು. ಅವಳು ಅದನ್ನು ಬಿಚ್ಚಿ ತನ್ನ ತಲೆಯ ಮೇಲೆ ಹಿಡಿದಳು.

“ನಿಮಗಲ್ಲ, ಯಂತ್ರಕ್ಕೆ,” ಎಂದೆ.

“ಮಳೆ ಇಲ್ವಲ್ಲ ಮೇಡಂ.”

“ಬಿಸಿಲಿಗೇ ಹೆಚ್ಚು ಬೇಕು. ಒಂದು ಪಕ್ಕ ಕಾದ್ರೆ ಒಳಗೆ ಮಟ್ಟ ತೋರಿಸೋ ಗುಳ್ಳೆ ಜರುಗುತ್ತೆ, ಗುಳ್ಳೆ ಜರುಗಿದ್ರೆ ನನ್ನ ಸಂಖ್ಯೆ ಜರುಗುತ್ತೆ. ಮನುಷ್ಯರು ಒಣಗಿದ್ರೂ ನೆನೆದ್ರೂ ಸಂಜೆ ಹೊತ್ತಿಗೆ ಸರಿಹೋಗ್ತಾರೆ.”

ಅವಳು ನಕ್ಕು ಛತ್ರಿಯನ್ನು ಯಂತ್ರದ ಮೇಲೆ ಹಿಡಿದಳು. ಒಪ್ಪಬೇಕಾದ ಮಾತು, ಇಡೀ ದಿನ ಕೈ ಸೋಲದೆ ಹಿಡಿದಳು. ಅವಳದು ಉಪಗ್ರಹದ ಜೊತೆ ಮಾತಾಡುವ ಯಂತ್ರ, ಕಂಬದ ತುದಿಗೆ ಬೋಗುಣಿ ಕವುಚಿದ ಹಾಗಿರುತ್ತದೆ. ದಾರಿಯುದ್ದಕ್ಕೂ ಅದರ ಗುಣಗಾನ ಮಾಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ಕೇಳಿಸಿಕೊಂಡೆ. ನನ್ನ ಯಂತ್ರದ ವಿಷಯದಲ್ಲಿ ನಾನೂ ಹೀಗೇ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ, ಅದೂ ಗೊತ್ತು.

“ಒಂದು ಕೇಳ್ಲಾ,” ಎಂದೆ. “ಗುರುತಿರೋದು ತೂಬಿನ ಮನೆ ಬಾಗಿಲ ಮೇಲೆ ಚಾಚಿರೋ ಸಜ್ಜೆ ಕೆಳಗೆ. ಸಜ್ಜೆ ಅಡ್ಡ ಇದ್ರೆ ನಿಮ್ಮ ಬೋಗುಣಿಗೆ ಆಕಾಶ ಹೇಗೆ ಕಾಣ್ತು?”

“ಕಾಣ್ಲಿಲ್ಲ. ಹೊರಗೆ ಬಯಲಲ್ಲಿ ಅಳೆದು, ಅಲ್ಲಿಂದ ಟೇಪ್ ಹಿಡ್ಕೊಂಡು ಗುರುತಿಗೆ ಬಂದೆ.”

“ಅಲ್ಲಿಗೆ ಮುಗೀತು. ಆ ಟೇಪಲ್ಲೇ ಇದೆ ನಿಮ್ಮ ಹನ್ನೆರಡು ಸೆಂಟಿಮೀಟರ್.”

ಅವಳು ವಾದಕ್ಕಿಳಿಯದೆ ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅವಳಿಗೂ ಯಾರೋ ಹೇಳಿರಬೇಕು.

ಇಟ್ಟಿಗೆ ಗೂಡು ದಾಟುವವರೆಗೂ ಬಿಸಿಲಿತ್ತು. ಗೂಡಿನ ಬಳಿ ಹಸಿ ಇಟ್ಟಿಗೆ ಒಣಹಾಕಿದ್ದ ಹೆಂಗಸರು ಆಕಾಶ ನೋಡುತ್ತ ಹರಕು ತಾಡಪಾಲು ಬಿಡಿಸಿ ಕಾಯುತ್ತಿದ್ದರು. ಅವರ ಅಂದಾಜು ಸರಿಯಾಗಿತ್ತು. ಗಣಿಯ ತಿರುವಿಗೆ ಬರುವಷ್ಟರಲ್ಲಿ ಮೋಡ ಕವಿಯಿತು, ಗಾಳಿ ಎದ್ದು ಕಲ್ಲುಪುಡಿಯೆಲ್ಲ ಕಣ್ಣಿಗೆ ಬಂತು. ನಾಲ್ಕು ಹನಿ ಬಿತ್ತು. ಛತ್ರಿ ತಿರುಗಿಸಿ ಹಿಡಿಯುವಷ್ಟರಲ್ಲಿ ಮತ್ತೆ ಬಿಸಿಲು. ಬಿಸಿಲಿನಲ್ಲೇ ಒಂದು ಸಣ್ಣ ಮಳೆ ಹೊಡೆದು ಹೋಯಿತು.

“ಕಾಗೆಗೂ ನರಿಗೂ ಮದುವೆ,” ಎಂದ ಮೈದುನ, ಕೋಲು ಹಿಡಿದಲ್ಲಿಂದಲೇ. ಗೇಟು ಬಿಟ್ಟ ಮೇಲೆ ಅವನು ಆಡಿದ್ದು ಅದೊಂದೇ ಮಾತು.

ಇಂಥ ಹವೆಯಲ್ಲಿ ಬೇರೆ ಸರ್ವೇಯರುಗಳು ಪೆಟ್ಟಿಗೆ ಮುಚ್ಚಿ ಚಹಾ ಅಂಗಡಿ ಹುಡುಕುತ್ತಾರೆ. ನನಗೆ ಇಂಥ ಹವೆಯೇ ಇಷ್ಟ. ಮಳೆ ಬಿಟ್ಟ ಮೇಲಿನ ಹತ್ತು ನಿಮಿಷ ಗಾಳಿಯಲ್ಲಿ ದೂಳಿರುವುದಿಲ್ಲ, ನೆಲದಿಂದ ಝಳ ಏಳುವುದಿಲ್ಲ. ದುರ್ಬೀನಿನಲ್ಲಿ ಕೋಲಿನ ಕೆಂಪು ಕಪ್ಪು ಗೆರೆಗಳು ಈಗ ತಾನೇ ಬಣ್ಣ ಬಳಿದ ಹಾಗೆ ಕಾಣುತ್ತವೆ. ಆ ಹತ್ತು ನಿಮಿಷ ಹಿಡಿದುಕೊಂಡು ಓದಿ, ಮತ್ತೆ ಮಳೆ ಬಂದರೆ ನಿಂತು, ಬಿಟ್ಟರೆ ನಡೆದು, ಏರಿಯ ಮೇಲೆ ಬರುವಾಗ ಗಂಟೆ ಹನ್ನೊಂದು. ಮಂಡಿ ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಐವತ್ತೇಳು ವರ್ಷದ ಹೆಂಗಸು ಆರು ಕಿಲೋಮೀಟರ್ ಸುತ್ತನ್ನು ಮೊದಲಿಗಿಂತ ಬೇಗ ಮುಗಿಸುತ್ತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ತೂಬಿನ ಮನೆ ಎಂದರೆ ಏರಿಯ ಕೆಳಗಿನ ಒಂದು ಕಲ್ಲು ಕೋಣೆ. ಒಳಗೆ ತೂಬು ಎತ್ತುವ ಕಬ್ಬಿಣದ ತಿರುಗಣೆ, ಹೊರಗೆ ಬಾಗಿಲ ಮೇಲೆ ಅಗಲವಾದ ಸಜ್ಜೆ. ಇಪ್ಪತ್ತೆರಡು ವರ್ಷದ ಹಿಂದೆ ಯಂತ್ರವನ್ನು ಏರಿಯ ಮೇಲಿನ ಮೈಲಿಗಲ್ಲಿನ ಪಕ್ಕ ನಿಲ್ಲಿಸಿದ್ದೆ. ಈಗಲೂ ಅಲ್ಲೇ ನಿಲ್ಲಿಸಿದೆ. ಮೈದುನ ಕೋಲು ಹಿಡಿದು ಇಳಿದು ಹೋದ, ಪೂರ್ತಿ ನಾಲ್ಕು ಮೀಟರ್ ಎಳೆದು ನಿಲ್ಲಿಸಿದ. ಏರಿಯ ಮೇಲಿನಿಂದ ಕೆಳಕ್ಕೆ ಓದಬೇಕಾದ್ದರಿಂದ ಕೋಲು ಅಷ್ಟೂ ಬೇಕು. ದುರ್ಬೀನಿನಲ್ಲಿ ಕಾಣುವುದು ಕೋಲಿನ ಒಂದು ಗೇಣು ಮಾತ್ರ. ಅದರ ಬುಡ ತೂಬಿನ ಮನೆಯ ಮುಂದಿನ ತಡೆಗೋಡೆಯ ಹಿಂದೆ ಇತ್ತು.

ಓದಿದೆ, ಬರೆದೆ. ಅಲ್ಲೇ ಛತ್ರಿಯ ಕೆಳಗೆ ಬೆಳಗಿನಿಂದ ಬರೆದದ್ದೆಲ್ಲ ಕೂಡಿಸಿ ಕಳೆದೆ. ಹಳೆಯ ಪುಸ್ತಕ ತೆಗೆದು ಪಕ್ಕಕ್ಕಿಟ್ಟೆ. ಹಳೆಯ ಸಂಖ್ಯೆಗೂ ಹೊಸದಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸ.

“ನೋಡಿ,” ಎಂದು ಎರಡೂ ಪುಟ ಅವಳ ಮುಂದೆ ಹಿಡಿದೆ. “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

ಅವಳು ಎರಡು ಸಲ ಕೂಡಿಸಿ ನೋಡಿದಳು. ಮುಖ ಕೆಂಪಾಯಿತು. “ಸಾರಿ ಮೇಡಂ,” ಎಂದಳು. “ನನ್ನ ಟೇಪಲ್ಲೇ ಏನೋ ಆಗಿರ್ಬೇಕು. ಸಾಹೇಬರ ಮುಂದೆ ಹಾಗೆ ಹೇಳ್ಬಾರ್ದಿತ್ತು.”

ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು. “ಹೋಗ್ಲಿ ಬಿಡಿ, ಕಲಿಯೋ ವಯಸ್ಸು,” ಎಂದು ದೊಡ್ಡವಳ ಹಾಗೆ ಹೇಳಿದೆ. ಅಷ್ಟರಲ್ಲಿ ಕೆರೆಯ ಆಚೆ ದಡ ಕಾಣದಾಯಿತು. ನೀರಿನ ಮೇಲೆ ಬಿಳಿಯ ಗೋಡೆಯೊಂದು ನಮ್ಮ ಕಡೆಗೇ ಬರುತ್ತಿತ್ತು. ಯಂತ್ರವನ್ನು ಮುಕ್ಕಾಲಿ ಸಮೇತ ಹೆಗಲಿಗೆ ಹಾಕಿಕೊಂಡು, ಅದರ ತಲೆಯ ಮೇಲೆ ಅವಳು ಛತ್ರಿ ಹಿಡಿದು, ಇಬ್ಬರೂ ಇಳಿಜಾರಿನಲ್ಲಿ ಜಾರುತ್ತ ತೂಬಿನ ಮನೆಗೆ ಓಡಿದೆವು. ಮಳೆ ಬಾರದಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಏರಿಯಿಂದ ನೇರ ಮುಂದಿನ ಜಾಗಕ್ಕೆ ನಡೆದುಬಿಡುತ್ತಿದ್ದೆ. ಇಪ್ಪತ್ತೆರಡು ವರ್ಷದ ಹಿಂದೆ ಮಾಡಿದ್ದೂ ಅದನ್ನೇ.

ಎಂಜಿನಿಯರ್ ಯಂತ್ರ ತೆಗೆದುಕೊಂಡು ಕೋಣೆಯ ಒಳಗೆ ಹೋದಳು. ಫೋನು ಒರೆಸಿಕೊಂಡು ಯಾರಿಗೋ ಮಾತಾಡತೊಡಗಿದಳು. ನಾನು ಸಜ್ಜೆಯ ಕೆಳಗೆ ನಿಂತೆ. ಮೈದುನ ಮಾತ್ರ ಮಳೆಯಲ್ಲೇ ಕೋಲು ಹಿಡಿದು ನಿಂತಿದ್ದ.

“ಒಳಗೆ ಬಾರೋ,” ಎಂದು ಕೂಗಿದೆ.

“ನೀವು ಮುಂದಿನ ಜಾಗದಿಂದ ಓದೋ ತನಕ ಕೋಲು ಎತ್ತಬಾರ್ದಲ್ಲ ಅತ್ತಿಗೆ.”

ಅದು ನಾನೇ ಕಲಿಸಿದ ನಿಯಮ. ಅವನ ಗಲ್ಲದಿಂದ ನೀರು ಇಳಿಯುತ್ತಿತ್ತು. ಕೋಲಿನ ಗೆರೆಗಳ ಮೇಲೂ ಇಳಿಯುತ್ತಿತ್ತು. ನೀರಿನ ಜೊತೆ ನನ್ನ ಕಣ್ಣೂ ಕೋಲಿನ ಬುಡಕ್ಕೆ ಇಳಿಯಿತು. ಕೋಲು ನಿಂತಿದ್ದು ಸಜ್ಜೆಯ ಹೊರಗೆ, ಕಾಲು ತೊಳೆಯಲು ಹಾಕಿದ್ದ ಒಂದು ಚಪ್ಪಡಿಯ ಮೇಲೆ. ಗುರುತು ನನ್ನ ಕಾಲ ಬಳಿ, ಸಜ್ಜೆಯ ಕೆಳಗೆ, ಅಡಿಪಾಯದ ಕಲ್ಲಿನಲ್ಲಿತ್ತು. ನಾನೇ ಕೆತ್ತಿಸಿದ ಅಡ್ಡಗೆರೆ, ಬಾಣ. ಕೋಲಿಗೂ ಅದಕ್ಕೂ ಒಂದು ಮಾರು ದೂರ. ಚಪ್ಪಡಿ ಎತ್ತರಕ್ಕಿತ್ತು. ಎಷ್ಟು ಎತ್ತರ ಎಂದು ಅಳೆಯುವ ಅಗತ್ಯವೇ ನನಗೆ ಕಾಣಲಿಲ್ಲ.

“ಅಲ್ಯಾಕೋ ನಿಂತಿದ್ದೀಯ?” ಎಂದೆ. ದನಿ ತಾನಾಗಿ ತಗ್ಗಿತ್ತು.

“ಹೋದ ಸಲಾನೂ ಇಲ್ಲೇ ನಿಂತಿದ್ದು.”

“ಗುರುತು ಇಲ್ಲಿದೆ.”

“ಗೊತ್ತು. ಪೂರ್ತಿ ಎಳೆದ್ರೆ ಕೋಲು ಸಜ್ಜೆಗೆ ತಾಗುತ್ತೆ, ಅಲ್ಲಿ ನಿಲ್ಲಲ್ಲ. ಅದಕ್ಕೆ ಇಲ್ಲಿ ಇಟ್ಟೆ. ನೀವು ಮೇಲಿಂದ ಬೇಗ ಬೇಗ ಅಂತಿದ್ರಿ.”

“ಹೇಳ್ಬೇಕೋ ಬೇಡ್ವೋ?”

ಅವನು ಕೋಲು ಬಿಡದೆ ಮುಖವನ್ನು ತೋಳಿಗೆ ಒರೆಸಿಕೊಂಡ. “ಆವತ್ತು ಸಂಜೆ ಹೇಳೋಕೆ ಬಂದಿದ್ದೆ ಅತ್ತಿಗೆ. ಕಚೇರಿಯಲ್ಲಿ ಎಲ್ಲರೂ ನಿಮ್ಮ ಸುತ್ತ ನಿಂತಿದ್ರು, ಮೂರು ಮಿಲಿಮೀಟರ್ ಅಂತ. ಆ ಕಲ್ಲಿನ ವಿಷಯ ಅಂತ ಶುರು ಮಾಡ್ದೆ. ಕೋಲು ಹಿಡಿಯೋನು ಕೋಲು ಹಿಡೀಬೇಕು, ಲೆಕ್ಕ ನಂದು ಅಂದ್ರಿ. ಸೇರಿ ಎಂಟು ದಿನ ಆಗಿತ್ತು ನಂಗೆ. ನಿಮ್ಮ ಲೆಕ್ಕ ಕೂಡಿ ಬಂದಿದೆ ಅಂದ್ಮೇಲೆ ಸರಿಯೇ ಇರ್ಬೇಕು ಅಂದ್ಕೊಂಡೆ.”

ಕೂಡಿ ಬಂದಿತ್ತು, ನಿಜ. ಬರದೆ ಏನು ಮಾಡುತ್ತದೆ? ಸುತ್ತು ಕೂಡಿ ಬರಲು ಕೋಲು ಗುರುತಿನ ಮೇಲೇ ನಿಲ್ಲಬೇಕೆಂದಿಲ್ಲ. ಈ ಕಡೆಯಿಂದ ಓದುವಾಗಲೂ ಆ ಕಡೆಯಿಂದ ಓದುವಾಗಲೂ ಒಂದೇ ಕಲ್ಲಿನ ಮೇಲೆ ನಿಂತರೆ ಸಾಕು, ಅದು ಯಾವ ಕಲ್ಲಾದರೂ ಸರಿ. ಇದನ್ನು ನಾನು ಹೊಸಬರಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ. ಆ ಮೂರು ಮಿಲಿಮೀಟರ್ ನನ್ನ ನಡಿಗೆ ಸರಿ ಎಂದಷ್ಟೇ ಹೇಳುತ್ತಿತ್ತು. ಗುರುತಿನ ಬಗ್ಗೆ ಅದು ಏನೂ ಹೇಳುತ್ತಿರಲಿಲ್ಲ. ಗುರುತನ್ನು ನಾವು ಮುಟ್ಟಿಯೇ ಇರಲಿಲ್ಲ. ಕೋಲಿನ ಬುಡ ನೋಡದೆ ‘ಕೋಲು ಗುರುತಿನ ಮೇಲೆ’ ಎಂದು ಬರೆದಿದ್ದೆ.

“ಇವತ್ತು ಬೆಳಗ್ಗೆ?” ಎಂದೆ. “ಇವತ್ತಾದ್ರೂ ಹೇಳ್ಬಹುದಿತ್ತಲ್ಲ.”

“ಹೋದ ಸಲದ ಹಾಗೇ ಮಾಡು, ಒಂದು ಗೇಣೂ ಆಚೀಚೆ ಆಗ್ಬಾರ್ದು ಅಂದ್ರಲ್ಲ.”

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಬಯ್ದು ಹಗುರಾಗುತ್ತಿದ್ದೆ. ನನಗೆ ನಾಚಿಕೆಯಾಯಿತು. ಸಂಖ್ಯೆ ತಪ್ಪಿದ್ದಕ್ಕಿಂತ, ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಉಂಡವನಿಗೆ ಒಂದು ಮಾತು ಹೇಳಲು ನಾನು ಜಾಗ ಬಿಟ್ಟಿರಲಿಲ್ಲವಲ್ಲ, ಅದಕ್ಕೆ.

ಒಳಗೆ ಎಂಜಿನಿಯರ್ ಫೋನಿನಲ್ಲಿ, “ಇಲ್ಲ, ನಂದೇ ತಪ್ಪು, ಅವರದ್ದೇ ಸರಿ ಇತ್ತು,” ಎನ್ನುತ್ತಿದ್ದಳು.

ಆಗ ಆ ಯೋಚನೆ ಬಂತು. ಬರಲಿಲ್ಲ ಎಂದರೆ ನಾನು ದೇವತೆಯಾಗಿಬಿಡುತ್ತೇನೆ. ಅವಳು ಏನೂ ನೋಡಿಲ್ಲ. ಮೈದುನ ಬಾಯಿ ಬಿಡುವವನಲ್ಲ. ಕೋಲು ಇದ್ದಲ್ಲೇ ಇದೆ. ಮಳೆ ನಿಂತ ಮೇಲೆ ಹೊಲದ ಕಡೆಯಿಂದ ಓದಿಕೊಂಡು ನಡೆದರೆ ಸುತ್ತು ಚಿನ್ನದ ಹಾಗೆ ಕೂಡಿಬರುತ್ತದೆ. ಸಾಹೇಬರು ಸಹಿ ಹಾಕುತ್ತಾರೆ. ಮೂರು ವರ್ಷ ಕಳೆದರೆ ನಾನು ನಿವೃತ್ತಿ. ನೀರು ನಿಂತರೆ ಕಾಂಕ್ರೀಟಿನವರನ್ನು ಬಯ್ಯುತ್ತಾರೆ. ಎಲ್ಲ ಸಲೀಸಾಗಿತ್ತು, ನೀರಿಗೆ ಮಾತ್ರ ನನ್ನ ಸಹಿ ಓದಲು ಬರುವುದಿಲ್ಲ. ಅದು ಕಲ್ಲನ್ನೂ ಮಣ್ಣನ್ನೂ ನೋಡಿಕೊಂಡು ಹರಿಯುತ್ತದೆ. ಕೆಳಗಿನ ಹೊಲದವರು ಖಾಲಿ ತೊಟ್ಟಿಯ ಮುಂದೆ ನಿಂತಿರುವುದು ಕಣ್ಣಿಗೆ ಕಂಡಿತು. ನನ್ನ ಕಸುಬನ್ನು ನಾನು ಅಷ್ಟು ಅಗ್ಗಕ್ಕೆ ಬಿಡುವವಳಲ್ಲ.

“ಎತ್ತು ಕೋಲು,” ಎಂದೆ.

“ಓದಿಲ್ವಲ್ಲ ಅತ್ತಿಗೆ.”

“ನಿಂಗೆ ಕನ್ನಡದಲ್ಲೇ ಹೇಳ್ತಿದ್ದೀನಿ, ಎತ್ತು. ಒಳಗೆ ಬಂದು ತಲೆ ಒರೆಸ್ಕೋ. ಮೇಲಿಂದ ಮತ್ತೆ ಶುರು ಮಾಡೋಣ.”

ಮಳೆ ಬಂದಷ್ಟೇ ಬೇಗ ಹೋಯಿತು. ಏರಿಯ ಹುಲ್ಲಿನ ಮೇಲೆ ಬಿಸಿಲು ಬಿದ್ದು ಎಲ್ಲ ಮಿನುಗತೊಡಗಿತು. ಎಂಜಿನಿಯರ್ ಹೊರಗೆ ಬಂದು ನೋಡುತ್ತಾಳೆ, ನಾನು ಯಂತ್ರ ಹೊತ್ತುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹತ್ತುತ್ತಿದ್ದೇನೆ.

“ಯಾಕೆ ಮೇಡಂ, ಇದು ಮುಗೀತಲ್ಲ?”

“ಮುಗಿದಿಲ್ಲ. ನಾನು ಬರ್ದಿದ್ದು ಆ ಚಪ್ಪಡಿ ಎತ್ತರ. ಗುರುತಿನದ್ದಲ್ಲ. ಇವತ್ತೂ ಅಲ್ಲ, ಆವತ್ತೂ ಅಲ್ಲ.” ಒಂದೇ ಉಸಿರಿಗೆ ಹೇಳಿದೆ, ಎರಡು ಉಸಿರಾಗಿದ್ದರೆ ಕಷ್ಟವಾಗುತ್ತಿತ್ತು. “ನಿಮ್ಮ ಟೇಪಿಗೆ ಏನೂ ಆಗಿಲ್ಲ.”

ಅವಳು ಚಪ್ಪಡಿ ನೋಡಿದಳು, ಗುರುತು ನೋಡಿದಳು, ಸಜ್ಜೆ ನೋಡಿದಳು. ಬುದ್ಧಿವಂತೆ, ವಿವರಿಸಬೇಕಾಗಲಿಲ್ಲ. ನಗಲೂ ಇಲ್ಲ. “ಛತ್ರಿ ತರ್ತೀನಿ,” ಎಂದು ಒಳಗೆ ಓಡಿದಳು.

ಏರಿಯ ಮೇಲಿನಿಂದ ನೇರವಾಗಿ ಗುರುತು ಓದಲು ಆಗುವುದಿಲ್ಲ, ಮಧ್ಯದಲ್ಲಿ ಒಂದು ಜಾಗ ಹೆಚ್ಚು ನಿಲ್ಲಬೇಕು. ಏರಿಗೆ ಬರುವ ಮುಂಚೆ ಕೊನೆಯದಾಗಿ ಕೋಲು ನಿಂತಿದ್ದ ಗಟ್ಟಿ ಕಲ್ಲಿನಿಂದ ಹಿಡಿದು, ಇಳಿಜಾರಿನ ನಡುವೆ ಒಮ್ಮೆ ನಿಂತು, ಕೆಳಗೆ ಬಂದೆವು. ಮೈದುನ ಕೋಲಿನ ಮೇಲಿನ ಎರಡು ಭಾಗ ಒಳಗೆ ತಳ್ಳಿ ಗಿಡ್ಡ ಮಾಡಿ, ಸಜ್ಜೆಯ ಕೆಳಗೆ ಗುರುತಿನ ಮೇಲೆ ನಿಲ್ಲಿಸಿದ. ಈ ಸಲ ನಾನು ನಡೆದು ಹೋಗಿ, ಬಗ್ಗಿ, ಬುಡ ಮುಟ್ಟಿ ನೋಡಿ ಬಂದು ಓದಿದೆ. ಹನ್ನೊಂದು ಸೆಂಟಿಮೀಟರ್ ಎಂಟು ಮಿಲಿಮೀಟರ್ ಕಡಿಮೆ.

“ನನ್ನದು ಹನ್ನೆರಡು ಅಂದಿದ್ದು ಸ್ವಲ್ಪ ಜಾಸ್ತಿಯಾಯ್ತು,” ಎಂದಳು ಎಂಜಿನಿಯರ್, ಮೆಲ್ಲಗೆ.

“ನಿಮ್ಮ ಬೋಗುಣಿಗೆ ಎರಡು ಮಿಲಿಮೀಟರ್ ಮಾಫಿ,” ಎಂದೆ. ಆಗ ಮೂವರೂ ನಕ್ಕೆವು.

ಅರ್ಧ ಸುತ್ತಿಗೆ ಬೆಲೆ ಇಲ್ಲ, ಮರಳಿ ಗೇಟು ಸೇರಲೇಬೇಕು. ಹೊರಡುವ ಮುಂಚೆ ಮೈದುನನಿಗೆ ಹೇಳಿದೆ: “ಇನ್ನು ಏನಾದ್ರೂ ಕಂಡ್ರೆ ಅಲ್ಲೇ ಬಾಯಿಬಿಟ್ಟು ಹೇಳ್ಬೇಕು. ನಾನು ಬಯ್ದ್ರೂ ಹೇಳ್ಬೇಕು.” ಅವನು ತಲೆಯಾಡಿಸಿದ. ಹೊಲದ ಬದುವಿನ ಮೇಲೆ ಕೆಸರು, ಕಾಲಿಟ್ಟಲ್ಲೆಲ್ಲ ಚಪ್ಪಲಿ ಹಿಡಿದು ಎಳೆಯುತ್ತಿತ್ತು. ಮೋಡ ಮತ್ತೆ ಸೇರುತ್ತಿತ್ತು, ನಾನು ಅವಸರದಲ್ಲಿದ್ದೆ. ಮೂರನೆಯ ಜಾಗದಲ್ಲಿ ಹಿಂದಿನದು ಓದಿ, ಮುಂದಿನದು ಓದಿ, ಬರೆದು ಪುಸ್ತಕ ಮುಚ್ಚಿದೆ.

“ಅತ್ತಿಗೆ,” ಎಂದು ಕೂಗಿದ ಅವನು, ಐವತ್ತು ಹೆಜ್ಜೆ ದೂರದಿಂದ. “ಮುಕ್ಕಾಲಿಯ ಒಂದು ಕಾಲು ಕುಸೀತಿದೆ. ನೀವು ತಿರುಗಿದಾಗ ಯಂತ್ರ ವಾಲಿತು.”

“ವಾಲಿಲ್ಲ ಕಣೋ, ನಾನು ಇಲ್ಲೇ ಇದ್ದೀನಲ್ಲ,” ಎಂದು ಬಾಯಿಗೆ ಬಂದೇಬಿಟ್ಟಿತು. ಆಮೇಲೆ ಗುಳ್ಳೆ ನೋಡಿದೆ. ಗುಳ್ಳೆ ಗೆರೆ ದಾಟಿ ಆ ಕಡೆ ಕೂತಿತ್ತು. ಬರೆದದ್ದು ಹೊಡೆದುಹಾಕಿ, ಕಾಲಿನ ಕೆಳಗೆ ಕಲ್ಲು ಕೊಟ್ಟು, ಎರಡೂ ಮತ್ತೆ ಓದಿದೆ. ಮರದ ಡಿಪೋ ಸೇರುವಷ್ಟರಲ್ಲಿ ಅವನು ಇನ್ನೊಂದು ಸಲ ಕೂಗಿ ನಿಲ್ಲಿಸಿದ. ಆ ಸಲ ಅವನು ಕಂಡದ್ದೇ ತಪ್ಪಾಗಿತ್ತು, ಯಂತ್ರ ಸರಿಯಾಗೇ ಇತ್ತು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ನುಂಗಿಕೊಂಡೆ.

ಗೇಟಿನ ಕಲ್ಲಿಗೆ ಬಂದಾಗ ನಾಲ್ಕು ಗಂಟೆ, ಸಣ್ಣಗೆ ಹನಿಯುತ್ತಿತ್ತು. ಸುತ್ತಿನಲ್ಲಿ ಉಳಿದದ್ದು ನಾಲ್ಕು ಮಿಲಿಮೀಟರ್. ಒದ್ದೆ ಬಟ್ಟೆಯಲ್ಲೇ ಮೂವರೂ ಸಾಹೇಬರ ಕೋಣೆಗೆ ಹೋದೆವು.

“ನನ್ನ ಹಳೇ ಸಂಖ್ಯೆ ತಪ್ಪು ಸರ್,” ಎಂದೆ. “ಹನ್ನೊಂದು ಸೆಂಟಿಮೀಟರ್ ಎಂಟು. ಇವರು ಹೇಳಿದ್ದು ಸರಿ. ನಾಳೆ ಕಾಂಕ್ರೀಟ್ ಬೇಡ. ತೊಟ್ಟಿ ಕಡೆ ತುದಿ ಇನ್ನೂ ಹಸಿ ಮಣ್ಣು, ಅಲ್ಲಿಂದ ಮೇಲಕ್ಕೆ ತಳ ತಗ್ಗಿಸ್ತಾ ಬಂದು, ತೊಟ್ಟಿ ಬಾಯಿನೂ ಅಷ್ಟೇ ಇಳಿಸಿದ್ರೆ ಇಳಿಜಾರು ಸಿಗುತ್ತೆ. ಎರಡು ದಿನದ ಕೆಲಸ. ಮಟ್ಟದ ಗೂಟಗಳನ್ನ ನಾನೇ ಹೊಡೆಸಿ ಕೊಡ್ತೀನಿ, ನೀರು ಬರುತ್ತೆ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ನನ್ನನ್ನು ನೋಡಿ ಅವರಿಗೇ ಸಂಕಟವಾಗಿರಬೇಕು. “ಇಪ್ಪತ್ತೆರಡು ವರ್ಷ ಅಂದ್ರೆ ಕಡಿಮೆನಾ,” ಎಂದರು. “ಅಡಿಪಾಯದ ಕಲ್ಲು ಕುಸಿದಿರ್ಬಹುದು. ಹಾಗಂತ ಬರೆದುಬಿಡೋಣ. ಯಾರ ತಪ್ಪೂ ಆಗಲ್ಲ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ ಸರ್. ಕಲ್ಲು ಇಟ್ಟಲ್ಲೇ ಇದೆ.” ಹಳೆಯ ಪುಸ್ತಕ ಬಿಡಿಸಿ, ನನ್ನ ಸಂಖ್ಯೆಯ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಹೊಸದನ್ನು ಬರೆದೆ. ಅದರ ಕೆಳಗೆ ಬರೆದೆ: ‘ಅಂದು ಕೋಲು ಗುರುತಿನ ಮೇಲೆ ಇರಲಿಲ್ಲ. ನೋಡದೆ ಬರೆದವಳು ನಾನು.’ ಸಹಿ ಹಾಕಿದೆ.

“ಸರ್,” ಎಂದ ಮೈದುನ, ಬಾಗಿಲ ಬಳಿಯಿಂದ. ಅವನ ಕಾಲ ಕೆಳಗೆ ನೀರು ಮಡುಗಟ್ಟಿತ್ತು. “ಕೋಲು ತಪ್ಪು ಜಾಗದಲ್ಲಿ ಇಟ್ಟಿದ್ದು ನಾನು.”

“ಕೋಲು ಹಿಡಿದವರ ಹೆಸರು ಪುಸ್ತಕದಲ್ಲಿ ಬರಲ್ಲ,” ಎಂದೆ ತಿರುಗಿ ನೋಡದೆ. “ಬರೆಯೋಳು ನಾನು, ಜವಾಬ್ದಾರಿ ನಂದು. ನೀನು ಹೋಗಿ ಬಟ್ಟೆ ಬದಲಾಯಿಸ್ಕೋ.”

“ಇಲ್ಲ ಅತ್ತಿಗೆ.” ಅವನು ಮೇಜಿನ ತನಕ ನಡೆದು ಬಂದ. “ನೀವು ನೋಡ್ಲಿಲ್ಲ, ಸರಿ. ನಾನು ನೋಡಿದ್ದೆ. ನೋಡಿನೂ ಸುಮ್ಮನಿದ್ದೆ. ಅದು ನಂದೇ, ಅದನ್ನ ನೀವು ತಗೊಳ್ಳೋಕೆ ಆಗಲ್ಲ.”

ಮನೆಯಲ್ಲಾಗಲಿ ಕೆಲಸದಲ್ಲಾಗಲಿ ಅವನು ನನಗೆ ಎದುರಾಡಿದ್ದು ಅದೇ ಮೊದಲು. ಸಾಹೇಬರು ನನ್ನ ಮುಖ ನೋಡಿದರು, ನಾನು ಸಿಡಿಯುತ್ತೇನೆ ಎಂದುಕೊಂಡಿರಬೇಕು. ನಾನು ಪುಸ್ತಕವನ್ನು ಅವನ ಕಡೆ ತಿರುಗಿಸಿ, ನನ್ನ ಸಹಿಯ ಕೆಳಗೆ ಜಾಗ ತೋರಿಸಿ, ಪೆನ್ನು ಅವನ ಕೈಗೆ ಕೊಟ್ಟೆ.